ಚರ್ಚು ಮುಗಿದ ಮೇಲೆ ಮದುವೆ

ಗಡ್ಡಕ್ಕೆ ನೊರೆ ಹಚ್ಚಿಕೊಂಡೇ ಬಾಲ್ಕನಿಗೆ ಬಂದ ಎಸ್ತೇವೆ, ಎದುರಿನ ಸಗ್ರಾದಾ ಫಮೀಲಿಯಾ ಚರ್ಚಿನ ನಡುಗೋಪುರದ ತುದಿಗೆ ಕ್ರೇನು ಶಿಲುಬೆಯ ಕೊನೆಯ ತುಂಡನ್ನು ಇಳಿಸುವುದನ್ನು ಕಂಡು ಗಲ್ಲ ಕೊಯ್ದುಕೊಂಡ.

ಬಾರ್ಸಿಲೋನಾದಲ್ಲಿ ಆಗದ ಕೆಲಸಕ್ಕೆಲ್ಲ ಒಂದೇ ವಾಯಿದೆ: ಈ ಚರ್ಚು ಮುಗಿದ ಮೇಲೆ. ಕಟ್ಟಿಸುತ್ತಿದ್ದವನು ನೂರು ವರ್ಷದ ಹಿಂದೆ ಟ್ರಾಮಿಗೆ ಸಿಕ್ಕಿ ಸತ್ತ. ನಕ್ಷೆಗಳು ಅಂತರ್ಯುದ್ಧದಲ್ಲಿ ಬೂದಿಯಾದವು. ಆ ಧೈರ್ಯದ ಮೇಲೆಯೇ ಬೀಗ ರಿಪೇರಿಯ ಎಸ್ತೇವೆ, ಮಾರುಕಟ್ಟೆಯಲ್ಲಿ ಆಲಿವ್ ಮಾರುವ ರೊಸೇರ್‌ಗೆ ಇಪ್ಪತ್ತು ವರ್ಷದ ಹಿಂದೆ ಮಾತು ಕೊಟ್ಟಿದ್ದ: ಚರ್ಚು ಮುಗಿದ ದಿನವೇ ನಮ್ಮ ಮದುವೆ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಭಾನುವಾರ ಅವಳ ಮನೆಯಲ್ಲಿ ಉಂಡು, ತನ್ನ ಮನೆಯಲ್ಲಿ ಮಲಗಿ, ರಾಜನಂತಿದ್ದ.

ಕೆಳಗಿನ ಬಾಲ್ಕನಿಯಿಂದ ಮುದುಕಿ ಅಸುಂತಾ ಕತ್ತು ಎತ್ತಿದಳು. "ಹುಡುಗಾ, ಸೂಟು ಇಸ್ತ್ರಿಗೆ ಕೊಡು. ದೇವ್ರೇ ತನ್ನ ಕೆಲ್ಸ ಮುಗಿಸ್ದ, ಇನ್ನು ನಿಂದೇನಪ್ಪ?"

ಹುಡುಗನಿಗೆ ನಲವತ್ತೆಂಟು. ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಇಳಿದಿತ್ತು. ಬಾರಿನವನು ಕಾವಾ ವೈನಿನ ಬಾಟಲಿಗಳನ್ನು ಐಸಿನಲ್ಲಿ ಹೂತಿದ್ದ. ರೊಸೇರ್‌ಳನ್ನು ಸಂಜೆ ಬರಹೇಳಿಯೂ ಆಗಿತ್ತು. ಶಿಲುಬೆ ಏರಿದರೆ ಚರ್ಚು ಮುಗಿಯಿತೇ, ಒಳಹೊಕ್ಕು ನೋಡಿ ಬಂದು ಹೇಳುತ್ತೇನೆ ಎಂದು ಎಸ್ತೇವೆ ಎದೆ ಸೆಟೆಸಿ ಹೊರಟ.

ಎದುರೇ ಹುಟ್ಟಿ ಬೆಳೆದರೂ ಅವನು ಒಳಗೆ ಕಾಲಿಟ್ಟವನಲ್ಲ. ಈಗ ತನ್ನ ಬೀದಿಯ ದೇವರನ್ನು ನೋಡಲು ತಾನೇ ಟಿಕೆಟ್ ತೆಗೆದು, ಬೇಯಿಸಿದ ಸಿಗಡಿಯಂತೆ ಕೆಂಪಾದ ಪ್ರವಾಸಿಗಳ ಸಾಲಿನಲ್ಲಿ ನಿಂತ. ಪರದೇಶದವನೊಬ್ಬ ಅವನ ಕಾಲು ತುಳಿದು, ನಿಮಗೆ ಈ ಊರು ಹಿಡಿಸಿತೇ ಎಂದು ಕೇಳಿದ. ಎಸ್ತೇವೆ ಹಲ್ಲು ಕಡಿದ.

ಒಳಗೆ ಮಾತ್ರ ಅವನ ಸಿಟ್ಟು ದಾರಿ ತಪ್ಪಿತು. ಕಂಬಗಳು ಮರಗಳ ಹಾಗೆ ಮೇಲೆ ಹೋಗಿ ಕವಲೊಡೆದಿದ್ದವು. ಬಣ್ಣದ ಗಾಜಿನಿಂದ ಇಳಿದ ಹಸಿರು ಬೆಳಕು, ಥೇಟ್ ರೊಸೇರ್‌ಳ ಅಂಗಡಿಯ ಭರಣಿಗಳ ಬಣ್ಣ. ಒಂದು ಮುದಿ ಜೋಡಿ ಕೈ ಹಿಡಿದುಕೊಂಡು ಅದರಲ್ಲಿ ನೆನೆಯುತ್ತಿತ್ತು. ಎಸ್ತೇವೆಯ ಎದೆಯಲ್ಲಿ ಏನೋ ಕರಗತೊಡಗಿತು. ಗಾಬರಿಯಾಗಿ ಹೊರಗೆ ಓಡಿದ.

ಹೊರಗೆ ಒಬ್ಬ ಗೈಡು ಗುಂಪಿಗೆ ಕೈ ತೋರಿಸಿ ಹೇಳುತ್ತಿದ್ದ: ಚರ್ಚಿನ ಮುಖ್ಯ ಮುಂಭಾಗವೇ ಇನ್ನೂ ಬಾಕಿ, ಅದರ ಮುಂದೆ ದೊಡ್ಡ ಮೆಟ್ಟಿಲಸಾಲು ಬರಬೇಕು, ಅದಕ್ಕೆ ಎದುರಿನ ಮನೆಗಳನ್ನು ಕೆಡವಬೇಕಾದೀತು. ಅವನ ಬೆರಳಿನ ತುದಿಯಲ್ಲಿ ಎಸ್ತೇವೆಯ ಬಾಲ್ಕನಿ, ಬಾಲ್ಕನಿಯಲ್ಲಿ ಎಸ್ತೇವೆಯ ಚಡ್ಡಿ ಒಣಗುತ್ತಿತ್ತು.

ಎಸ್ತೇವೆಗೆ ಹೋದ ಜೀವ ಬಂತು. ಶಿಲುಬೆಯ ಸುದ್ದಿಗೆ ಬಂದಿದ್ದ ಟೀವಿಯವರು ಮೈಕು ಹಿಡಿದದ್ದೇ ತಡ, ಗಂಟಲು ಹರಿಯುವಂತೆ ಕೂಗಿದ. "ಮುಗ್ದಿಲ್ಲ ಕಣ್ರೀ! ಆ ಮನೆ ಬೀಳೋ ತನಕ ಇದು ಮುಗಿಯೋದೇ ಇಲ್ಲ!"

ಮನೆಗೆ ಬಂದರೆ, ಟೀವಿ ನೋಡಿದ ಆರು ಮಹಡಿಯೂ ಮೆಟ್ಟಿಲ ಮೇಲೆ ಕೂತಿತ್ತು. ಮನೆ ಉಳಿಸಿಕೊಳ್ಳಲು ವರ್ಷಗಟ್ಟಲೆ ಹೋರಾಡಿದವರು. ಬಾಲ್ಕನಿಗಳಲ್ಲಿ ಅವರ ಬ್ಯಾನರುಗಳು ಇನ್ನೂ ನೇತಾಡುತ್ತಿದ್ದವು.

"ಮದ್ವೆ ತಪ್ಪಿಸ್ಕೊಳ್ಳೋಕೆ ಸೂರೇ ಕಿತ್ತನಲ್ಲ," ಎಂದಳು ಅಸುಂತಾ. ಆಮೇಲೆ ಎಲ್ಲರಿಗೂ ಕೇಳುವಂತೆ, "ಚರ್ಚು ಇರೋ ಹಾಗೇ ಮುಗ್ದಿದೆ, ಇನ್ನೊಂದು ಕಲ್ಲೂ ಬೇಡ. ಒಪ್ಪೋರು ಕೈ ಎತ್ತಿ."

ಕೈಗಳೆಲ್ಲ ಎದ್ದವು. ಎಸ್ತೇವೆಯದೊಂದು ಬಾಕಿ. ಎತ್ತಿದರೆ ಮದುವೆ, ಎತ್ತದಿದ್ದರೆ ಬೀದಿ. ಬಾಗಿಲಲ್ಲಿ ರೊಸೇರ್ ಆಲಿವ್ ಭರಣಿ ಹಿಡಿದು ನಿಂತಿದ್ದಳು. ಸಂಜೆಬಿಸಿಲು ಗಾಜಿನಲ್ಲಿ ಹಾಯ್ದು ಅವಳ ಕೆನ್ನೆಯ ಮೇಲೆ ಹಸಿರಾಗಿ ಬಿದ್ದಿತ್ತು. ಎಸ್ತೇವೆ ಎರಡೂ ಕೈ ಎತ್ತಿದ.

"ಮುಗೀತು ರೊಸೇರ್. ನಾಳೆನೇ ಆಗೋಣ."

ಚಪ್ಪಾಳೆ ಬಿತ್ತು. ರೊಸೇರ್ ಭರಣಿಯನ್ನು ಅವನ ಕೈಗಿಟ್ಟಳು.

"ಟೀವೀಲಿ ನಿನ್ನ ನೋಡೇ ಇದನ್ನ ತಂದೆ ಮಾರಾಯ. ಬೆಳಿಗ್ಗೆ ಶಿಲುಬೆ ಕಂಡಾಗಿಂದ ನಂಗೆ ಎದೆ ಡವಡವ. ಇಪ್ಪತ್ತು ವರ್ಷ ಹಾಸಿಗೆ ತುಂಬ ಕೈಕಾಲು ಚಾಚಿ ಮಲಗಿದೋಳು, ಇನ್ನು ನಿನ್ನ ಗೊರಕೆ ಯಾರು ಕೇಳ್ತಾರೆ? ಮುಗ್ದಿಲ್ಲ ಅಂದ್ಯಲ್ಲ, ಬದುಕಿಸ್ದೆ. ಆ ಮನೆ ಬೀಳ್ಲಿ, ನೋಡೋಣ."

ಅವಳು ಹೋದಳು. ಟೀವಿಯಲ್ಲಿ ಮುಖ ಪರಿಚಯವಾಗಿದೆ ಎಂದು ನೆರೆಯವರು ಹೋರಾಟದ ಹೊಣೆಯನ್ನು ಎಸ್ತೇವೆಗೇ ಹೊರಿಸಿದರು. ಈಗ ಪ್ರತಿ ಭಾನುವಾರ ಊಟದ ಹೊತ್ತಿಗೆ ಅವನು ಚರ್ಚಿನ ಮುಂದೆ 'ಮುಗಿದಿದೆ' ಎಂದು ಬರೆದ ಫಲಕ ಹಿಡಿದು ನಿಂತಿರುತ್ತಾನೆ. ರೊಸೇರ್ ಆ ದಾರಿಯಲ್ಲೇ ಬಂದು, ಕ್ರೇನು ಇನ್ನೂ ಇದೆಯೇ ಎಂದು ಕತ್ತೆತ್ತಿ ನೋಡಿ, ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ.