ಮಾಳಿಗೆ ಮೇಲಿನ ಅಡುಗೆಮನೆ

ಬಳ್ಳಾರಿಯ ಬಿಸಿಲು ಬರೀ ಬೈಸಿಕೊಳ್ಳುವುದಕ್ಕೇ ಹುಟ್ಟಿದೆ ಎಂಬುದು ಹಾಲಸಿದ್ದಪ್ಪ ಮೇಷ್ಟ್ರ ಬಹುದಿನದ ಸಂಕಟ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮನುಷ್ಯ. ಇಂಥ ಶಕ್ತಿಭಂಡಾರ ತಲೆಯ ಮೇಲೆ ಪುಕ್ಕಟೆ ಸುರಿಯುತ್ತಿರುವಾಗ ತಾನು ಡಬ್ಬಿ ಹಿಡಿದು, ನ್ಯಾಯಬೆಲೆ ಅಂಗಡಿ ಮುಂದಿನ ಬೇವಿನ ಮರದ ಕೆಳಗೆ ಸೀಮೆಎಣ್ಣೆಗೆ ಸಾಲು ನಿಲ್ಲುವುದು ಅವರ ಮರ್ಯಾದೆಗೆ ಕುಂದು. (ಆ ಮರದ ನೆರಳಿನಲ್ಲಿ ಗೆಳೆಯ ಜಂಬಣ್ಣನ ಜೊತೆ ಎರಡು ತಾಸು ಹರಟೆ ಹೊಡೆಯುವುದು ಮಾತ್ರ ಕುಂದಲ್ಲ.)

ಮರ್ಯಾದೆಗಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಹೆಂಡತಿ ಕೊಟ್ರಬಸಮ್ಮನಿಗೆ ಕೆಮ್ಮು. ಸೀಮೆಎಣ್ಣೆ ಇದ್ದರೆ ಸ್ಟವ್ ಹೊಗೆ, ಮುಗಿದರೆ ಜಾಲಿ ಕಟ್ಟಿಗೆ ಹೊಗೆ. ಗ್ಯಾಸಿಗೆ ಹೆಸರು ಬರೆಸಿ ಆರು ವರ್ಷವಾಗಿದ್ದರೂ ಸಿಲಿಂಡರು ಬಂದಿರಲಿಲ್ಲ. ಡಾಕ್ಟರು "ಹೊಗೆಯಿಂದ ದೂರ ಇರಬೇಕಮ್ಮಾ" ಎಂದು ಹೇಳಿ ಕಳಿಸಿದ್ದರು, ಎಷ್ಟು ದೂರ ಎಂದು ಹೇಳಿರಲಿಲ್ಲ. ಅದನ್ನು ಲೆಕ್ಕ ಹಾಕಿದವನು ಅವಳ ಅಣ್ಣ, ಸಿರುಗುಪ್ಪದ ಅಕ್ಕಿ ಮಿಲ್ಲಿನ ಉಜ್ಜಿನಪ್ಪ. ಕಾಗದ ಬಂತು: 'ನಮ್ಮ ಮನೆಯಲ್ಲಿ ಗ್ಯಾಸ್ ಇದೆ. ಭಾನುವಾರ ಬಂದು ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ. ಕೆಮ್ಮು ನಿಲ್ಲುವವರೆಗೂ ಇಲ್ಲೇ ಇರಲಿ.'

ಮೇಷ್ಟ್ರು ಕಾಗದವನ್ನು ಎರಡು ಸಲ ಓದಿದರು. ಅವಳಿಲ್ಲದ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದೂ ಅವರಿಗೆ ಗೊತ್ತಿಲ್ಲ. ಉಪ್ಪು ಹೋಗಲಿ, ಸಂಜೆ ಸ್ಕೂಲಿನಿಂದ ಬಂದು ಯಾರ ಮೇಲೆ ರೇಗುವುದು?

ಮಾರನೇ ದಿನವೇ ಅವರು ವಸ್ತುಪ್ರದರ್ಶನದಿಂದ ಸೋಲಾರ್ ಕುಕ್ಕರ್ ಹೊರಿಸಿಕೊಂಡು ಬಂದರು. ಟ್ರಂಕಿನಂಥ ಪೆಟ್ಟಿಗೆ. ಮೇಲೆ ಗಾಜು, ಮುಚ್ಚಳದ ಒಳಮೈಗೆ ಕನ್ನಡಿ, ಒಳಗೆ ಕಪ್ಪು ಬಳಿದ ನಾಲ್ಕು ಡಬ್ಬಿ.

"ಇದೇನ್ರಿ, ಪಾತ್ರಿಗೆಲ್ಲ ಮಸಿ ಬಳದಾರ?" ಎಂದಳು ಕೊಟ್ರಬಸಮ್ಮ.

"ಮಸಿ ಅಲ್ಲ, ವಿಜ್ಞಾನ! ಕರಿ ಬಣ್ಣ ಬಿಸಲು ಕುಡೀತೈತಿ. ಬಿಳಿ ಬಣ್ಣ ಬಂದ ದಾರೀಲೇ ಹೊಳ್ಳಿ ಕಳಸ್ತೈತಿ. ಇನ್ನ ಹತ್ತ ವರ್ಷ ನೋಡು, ಊರಿಗೆ ಊರೇ ಸೂರ್ಯನ ಮ್ಯಾಲೆ ನಡೀತೈತಿ. ದೀಪ, ಪಂಪ್‌ಸೆಟ್ಟು, ನಿಮ್ಮಣ್ಣನ ಮಿಲ್ಲು, ಎಲ್ಲಾ!"

"ಮದಲ ಒಂದ್ ಪಾವು ಅಕ್ಕಿ ಬೇಯಲಿ. ಭಾನುವಾರ ಹೊಗಿ ಇಲ್ದಂಗ ಅಣ್ಣಗ ಉಣ್ಣಾಕ ಇಟ್ರ ನಾ ಎಲ್ಲಿಗೂ ಹೋಗಂಗಿಲ್ಲ. ಇಲ್ಲಂದ್ರ ಈ ಪೆಟಿಗ್ಯಾಗ ಸೀರಿ ಇಟಗೊಂಡು ಸಿರುಗುಪ್ಪಕ್ಕ ಹೋಗ್ತೀನಿ."

ಭಾನುವಾರ ಬಂತು. ಏಪ್ರಿಲ್ ತಿಂಗಳು, ಒಂಬತ್ತಕ್ಕೇ ಮಾಳಿಗೆ ಮೇಲೆ ಕಾಲಿಡಲಾಗದು. ಅಕ್ಕಿ, ಬೇಳೆ, ಬದನೆಕಾಯಿ ತುಂಬಿದ ಡಬ್ಬಿಗಳು ಪೆಟ್ಟಿಗೆಯೊಳಗೆ ಇಳಿದವು. ಹೊಸ ಯಂತ್ರಕ್ಕೆ ಪೂಜೆಯಿಲ್ಲದೆ ಚಾಲನೆ ಕೊಡುವುದುಂಟೇ? ಸೈಕಲ್ ತಂದಾಗ ಸೈಕಲ್ಲಿಗೆ, ರೇಡಿಯೋ ತಂದಾಗ ರೇಡಿಯೋಕ್ಕೆ ವಿಭೂತಿ ಬಳಿದ ಮನೆತನ. ಮೇಷ್ಟ್ರು ವಿಭೂತಿಗಟ್ಟಿಯನ್ನು ನೀರಿನಲ್ಲಿ ಗಟ್ಟಿಯಾಗಿ ತೇಯ್ದು, ಗಾಜಿನ ಮೇಲೆ ಈ ತುದಿಯಿಂದ ಆ ತುದಿಗೆ ಅಂಗೈಯಗಲದ ಮೂರು ಪಟ್ಟೆ ಎಳೆದರು. ಕನ್ನಡಿಗೂ ಮೂರು. ಅಂದು ಮಹತ್ವದ ದಿನವಾದ್ದರಿಂದ ಎರಡನೇ ಕೋಟ್ ಬೇರೆ. ಅದರ ಮೇಲೆ ಬ್ರೂಸ್‌ಪೇಟೆಯಿಂದ ತಂದ ಚೆಂಡುಹೂವಿನ ಮಾರುದ್ದದ ಹಾರ. ಕೈಮುಗಿದು ಬಸ್‌ಸ್ಟ್ಯಾಂಡಿಗೆ ಹೊರಟರು.

ಸಿರುಗುಪ್ಪದ ಬಸ್ಸು ತಡವಾಗಿ ಬಂತು. ದಾರಿಯುದ್ದಕ್ಕೂ ಮೇಷ್ಟ್ರು ಭಾವನಿಗೆ ಇಂಧನದ ಭವಿಷ್ಯ ಬೋಧಿಸಿದರು. ಉಜ್ಜಿನಪ್ಪ ಹಸಿದ ಹೊಟ್ಟೆಯಲ್ಲಿ ಹೂಂಗುಟ್ಟಿದ. ಒಂದು ಗಂಟೆಗೆ ಮೂವರೂ ಮಾಳಿಗೆ ಹತ್ತಿದರು. ಮೇಷ್ಟ್ರು ಹಾರ ಸರಿಸಿ, ಗಾಜು ಎತ್ತಿ, ಡಬ್ಬಿಯ ಮುಚ್ಚಳ ತೆಗೆದರು.

ಅಕ್ಕಿ ಬೆಚ್ಚಗಿನ ನೀರಿನಲ್ಲಿ ಹಾಯಾಗಿ ಸ್ನಾನ ಮಾಡುತ್ತಿತ್ತು.

"ಮೇಷ್ಟ್ರ, ಇದು ನೆನದೈತಿ, ಬೆಂದಿಲ್ಲ," ಎಂದ ಉಜ್ಜಿನಪ್ಪ. ಅಕ್ಕಿಯ ವಿಷಯದಲ್ಲಿ ಅವನಿಗೆ ಸುಳ್ಳು ಹೇಳುವಂತಿರಲಿಲ್ಲ.

"ಇವತ್ತ್ಯಾಕೋ ಬಿಸಲು ಸ್ವಲ್ಪ ಕಮ್ಮಿ ಐತ್ರಿ, ಭಾವ."

ಬರಿಗಾಲಲ್ಲಿ ಹತ್ತಿದ್ದ ಉಜ್ಜಿನಪ್ಪ ಆಗಲೇ ಕುಣಿಯುತ್ತಿದ್ದ. ಕೊನೆಗೆ ಒಂದು ಕಾಲಿನ ಮೇಲೆ ನಿಂತು, "ತಂಗಿ, ಬಟ್ಟಿ ಕಟ್ಟಿಕೋ. ಎರಡರ ಬಸ್ಸಿಗೆ ಹೋಗೂಣು," ಎಂದ.

ಮೇಷ್ಟ್ರು ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ನಿಂತರು. ಕೊಟ್ರಬಸಮ್ಮ ಮಾತ್ರ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಒಣಗಿದ ವಿಭೂತಿ ಗಾಜಿನ ಮೇಲೆ ಸುಣ್ಣ ಹೊಡೆದಂತೆ ಕೂತಿತ್ತು.

"ಏನ್ರಿ, ಕರಿ ಬಿಸಲು ಕುಡೀತೈತಿ, ಬಿಳಿ ಹೊಳ್ಳಿ ಕಳಸ್ತೈತಿ ಅಂತ ಹೇಳಿದವ್ರು ಯಾರು?"

"ನಾನ."

"ಮತ್ತ ಬಾಗಲಿಗೆ ಸುಣ್ಣ ಬಳದು, ಸೂರ್ಯಪ್ಪ ಒಳಗ ಬರಲಿಲ್ಲಂದ್ರ ಹೆಂಗ? ವಿಭೂತಿ ಹಣಿಗೆ ಹಚ್ಚಿಕೊಳ್ಳಾಕ ಅಲ್ಲೇನ್ರಿ?"

ಇಪ್ಪತ್ತೆರಡು ವರ್ಷ ಒಂಬತ್ತನೇ ಕ್ಲಾಸಿಗೆ ಅದೇ ಪಾಠ ಮಾಡಿದ ಮೇಷ್ಟ್ರು ಒಂಬತ್ತನೇ ಕ್ಲಾಸಿನ ಹುಡುಗನಂತೆ ತಲೆ ತಗ್ಗಿಸಿದರು. ಅವಳು ಹಾರ ತೆಗೆದು ಗಂಡನ ಕೈಗಿತ್ತಳು. ಸೆರಗು ಒದ್ದೆ ಮಾಡಿ ಗಾಜು, ಕನ್ನಡಿ ಎರಡನ್ನೂ ಲಕಲಕ ಒರೆಸಿದಳು.

"ಅಣ್ಣಾ, ಐದಕ್ಕೂ ಬಸ್ಸು ಐತಿ. ಅಲ್ಲೀತನ ಬಾಳೆಹಣ್ಣು ತಿನ್ನು," ಎಂದಳು.

ಆ ಕ್ಷಣ ಮೇಷ್ಟ್ರಿಗೆ ಹೆಂಡತಿಯ ಕಾಲಿಗೆ ಬೀಳಬೇಕೆನಿಸಿತು. ಭಾವ ಎದುರಿಗಿದ್ದ, ನೆಲವೂ ಸುಡುತ್ತಿತ್ತು, ಹಾಗಾಗಿ ಬೀಳಲಿಲ್ಲ.

ಮೂರೂವರೆಗೆ ಊಟ. ಅನ್ನ ಉದುರುದುರಾಗಿತ್ತು, ಬೇಳೆ ಬೆಣ್ಣೆಯಂತೆ ಬೆಂದಿತ್ತು. ಉಜ್ಜಿನಪ್ಪ ಮೂರು ಸಲ ಬಡಿಸಿಕೊಂಡ. ಬಡಿಸುವಾಗ ಕೊಟ್ರಬಸಮ್ಮ ಒಂದು ಸಲವೂ ಕೆಮ್ಮಲಿಲ್ಲ. ಅದನ್ನು ಅಣ್ಣನೂ ಗಮನಿಸಿದ, ಗಂಡನೂ ಗಮನಿಸಿದ.

"ಅಡಿಗಿ ಪಸಂದ ಐತಿ. ಯಾರು ಮಾಡಿದ್ದು?"

"ಇವ್ರ ಮಾಡಿದ್ದು, ಅಣ್ಣಾ. ತುಂಬಿದವ್ರು ಇವ್ರ, ಇಟ್ಟವ್ರು ಇವ್ರ."

"ಹಂಗಾದ್ರ ದಿನಾ ಮೇಷ್ಟ್ರೇ ಮಾಡ್ಲಿ! ಶಾಲಿಗೂ ರಜಾ ಐತಿ. ನೀ ಎಲ್ಲಿಗೂ ಬರೂದು ಬ್ಯಾಡ ಬಿಡು," ಎಂದ ಉಜ್ಜಿನಪ್ಪ, ಮತ್ತು ಒಬ್ಬನೇ ಐದರ ಬಸ್ಸು ಹತ್ತಿದ.

ಈಗ ನೀವು ಮಧ್ಯಾಹ್ನದ ಹೊತ್ತಿಗೆ ಆ ಬೀದಿಯಲ್ಲಿ ಹೋದರೆ ಮಾಳಿಗೆ ಮೇಲೊಂದು ಕಪ್ಪು ಕೊಡೆ ಕಾಣುತ್ತದೆ. ಅದರ ಕೆಳಗೆ, ತಲೆಗೆ ಒದ್ದೆ ಟವೆಲು ಸುತ್ತಿಕೊಂಡು, ಅರ್ಧ ತಾಸಿಗೊಮ್ಮೆ ಪೆಟ್ಟಿಗೆಯನ್ನು ಸೂರ್ಯನ ಕಡೆಗೆ ತಿರುಗಿಸುತ್ತ ಕೂತ ಮೇಷ್ಟ್ರೇ ಇಂಧನದ ಭವಿಷ್ಯ. ಸೀಮೆಎಣ್ಣೆ ಸಾಲಿನಲ್ಲಿ ಬೇವಿನ ಮರವಾದರೂ ಇತ್ತು ಎಂದು ಒಮ್ಮೊಮ್ಮೆ ಅವರಿಗೆ ಜಂಬಣ್ಣನ ನೆನಪಾಗುತ್ತದೆ. ಅಷ್ಟರಲ್ಲಿ ಕೆಳಗಿನ ತಂಪು ಪಡಸಾಲೆಯಿಂದ, ಪಕ್ಕದ ಮನೆ ಗಂಗಕ್ಕನ ಜೊತೆ ಕೂತ ಕೊಟ್ರಬಸಮ್ಮನ ನಗು ಕೇಳುತ್ತದೆ. ಬರೀ ನಗು, ನಡುವೆ ಒಂದೂ ಕೆಮ್ಮಿಲ್ಲ. ಮೇಷ್ಟ್ರು ಎದ್ದು ಸೂರ್ಯನಿಗೆ ಕೈಮುಗಿದು, ಗಾಜನ್ನು ಇನ್ನೊಮ್ಮೆ ಒರೆಸುತ್ತಾರೆ.