ಎತ್ತಿ ಕುಡಿದ ವೈನು

ವೈನ್ ಕುಡಿಯುವುದರಲ್ಲಿ ಕಲಿಯುವಂಥದ್ದೇನಿದೆ? ಬಾಯಿ ಇದೆ, ಗಂಟಲಿದೆ. ಹೀಗೆಂದುಕೊಂಡೇ ನಾನು ಬಿಳಿ ಅಂಗಿ ತೊಟ್ಟು ಕೋಥರೂಡಿನ ಭಾವೀ ಬೀಗರ ಮನೆಗೆ ಹೊರಟೆ. ಮಗಳು ವೇದಾ ತಾನೇ ಮೆಚ್ಚಿದ ಹುಡುಗ, ಮರಾಠಿ ಮನೆತನ. ಎಲ್ಲರೂ ಒಪ್ಪಿದ್ದರು, ಹುಡುಗನ ಅಜ್ಜಿಯೊಬ್ಬರು ಮಾತ್ರ ಇನ್ನೂ ಹೂಂ ಅಂದಿರಲಿಲ್ಲ.

"ಅಪ್ಪಾ, ಅವರು ಜಾರ್ಜಿಯಾ ದೇಶದಿಂದ ವೈನ್ ತಂದಾರ. ಒಂದು ಗುಟುಕು ಕುಡೀರಿ, ಛಲೋ ಅದ ಅನ್ರಿ, ಸುಮ್ಮನ ಕೂಡ್ರಿ," ಎಂದಳು ವೇದಾ.

"ಅಷ್ಟು ತಿಳಿಯೂದಿಲ್ಲೇನು ನನಗ?" ಎಂದೆ. ಹೆಂಡತಿ ಸುಮಿತ್ರಾ ಆಟೋದ ಹೊರಗೆ ನೋಡಿದಳು.

ಬಿಳಿ ವೈನಂತೆ! ಬೀಗರು ಮೇಜಿನ ಮೇಲಿಟ್ಟ ಬಾಟಲಿಯಲ್ಲಿದ್ದದ್ದು ಕಷಾಯದ ಬಣ್ಣ. ಬೀಗರು ವಿವರಿಸಿದರು: ಬಿಳಿ ದ್ರಾಕ್ಷಿಯ ರಸವನ್ನು ಸಿಪ್ಪೆಯೊಂದಿಗೇ ದೊಡ್ಡ ಮಣ್ಣಿನ ಗಡಿಗೆಗೆ ತುಂಬಿ, ನೆಲದಲ್ಲಿ ಹೂತು ತಿಂಗಳುಗಟ್ಟಲೆ ಬಿಡುತ್ತಾರೆ. ಸಿಪ್ಪೆಯ ಸಹವಾಸದಿಂದ ಈ ಬಣ್ಣ.

"ಮ್ಹಣಜೇ ಲೋಣಚ್ಯಾಸಾರಖಂ!" ಉಪ್ಪಿನಕಾಯಿ ಹಾಕಿದ ಹಾಗೆ ಎಂದು ಮರಾಠಿಯಲ್ಲಿ ಉದ್ಗರಿಸಿದೆ. ವೇದಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿಯ ಹುಬ್ಬು ಗಂಟಾಯಿತು.

ಬೀಗರು ಒಂದು ಗ್ಲಾಸಿಗೆ ಸುರಿದು, ಮೂಸಿ, ಒಂದು ಗುಟುಕು ಹೀರಿ ಕಣ್ಣು ಮುಚ್ಚಿದರು. ಆ ಆನಂದದಲ್ಲಿ ಅದೇ ಗ್ಲಾಸನ್ನು ನನ್ನ ಕೈಗಿತ್ತರು. "ಘ್ಯಾ, ತುಮ್ಹೀ ಚಾಖಾ!" ತಗೊಳ್ಳಿ, ನೀವು ರುಚಿ ನೋಡಿ ಎಂದರು.

ಎಂಜಲು! ಹೆಂಡತಿಯ ಲೋಟಕ್ಕೂ ತುಟಿ ಹಚ್ಚಿದವನಲ್ಲ ನಾನು. ಬೇಡವೆಂದರೆ ಬೀಗರಿಗೆ ಅವಮಾನ, ಕುಡಿದರೆ ನನ್ನ ನೇಮಕ್ಕೆ ಭಂಗ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎತ್ತಿ ಕುಡಿದರಾಯಿತು! ವಿಜಯಪುರದ ಬಸ್ಸಿನಲ್ಲಿ, ಗುಂಡಿ ಬಿದ್ದ ರಸ್ತೆಯಲ್ಲಿ, ತಂಬಿಗೆಯಿಂದ ಹನಿ ಚೆಲ್ಲದೆ ಎತ್ತಿ ಕುಡಿದ ಪರಾಕ್ರಮಿ ನಾನು.

ತಲೆ ಹಿಂದಕ್ಕೆ ಬಾಗಿಸಿ ಗ್ಲಾಸು ಓರೆ ಮಾಡಿದೆ. ಬರಲಿಲ್ಲ. ಇನ್ನಷ್ಟು ಓರೆ ಮಾಡಿದೆ. ಆ ಗ್ಲಾಸಿಗೆ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಹೊರಟಾಗ ಎಲ್ಲವೂ ಒಮ್ಮೆಲೇ ಹೊರಟಿತು. ಮೂಗು, ಕಣ್ಣು, ಮೀಸೆ, ಅಂಗಿ. ಬಾಯೊಂದನ್ನು ಬಿಟ್ಟು!

ಕೆಮ್ಮು ನಿಂತಾಗ ನೋಡಿದರೆ, ವೇದಾಳ ಕಣ್ಣು ತುಂಬಿತ್ತು. ನನಗೆ ನಾಚಿಕೆಗಿಂತ ಭಯವೇ ಹೆಚ್ಚಾಯಿತು. ಆ ಮನುಷ್ಯ ತನಗೆ ಹಿಡಿಸಿದ್ದನ್ನು ಪ್ರೀತಿಯಿಂದ ಕೊಟ್ಟಿದ್ದ. ನಾನು ನೋಡಿದ್ದು ಗ್ಲಾಸಿನ ಅಂಚನ್ನು ಮಾತ್ರ. ನಾಳೆ ಈ ಮನೆಯಲ್ಲೇ ಉಂಡು ಬಾಳಬೇಕಾದವಳು ನನ್ನ ಮಗಳು. ನನ್ನ ನೇಮ ಅವಳಿಗಿಂತ ದೊಡ್ಡದೇ?

ಆಗ ಅಜ್ಜಿ ಬಾಯಿ ಬಿಟ್ಟರು. "ಬಘಾ, ವರೂನ್ ಪಿತಾತ್!" ಮೇಲಿಂದ ಎತ್ತಿ ಕುಡಿಯುತ್ತಾರೆ, ನೋಡಿರಿ! ಈ ಮನೆಯಲ್ಲಿ ಎಲ್ಲರೂ ನೀರಿನ ಬಾಟಲಿಗೆ ಬಾಯಿ ಹಚ್ಚುವವರೇ, ಕೊನೆಗೆ ರೀತಿ ಬಲ್ಲವರೊಬ್ಬರು ಬಂದರು ಎಂದು ಮಗನನ್ನು ಗದರಿ, ವೇದಾಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಸಂಬಂಧ ಗಟ್ಟಿಯಾಯಿತು!

ಬೀಗರು ಸುಮಿತ್ರಾಳಿಗೊಂದು ಗ್ಲಾಸು ಕೊಟ್ಟು, ನನಗೂ ಹೊಸ ಗ್ಲಾಸಿನಲ್ಲಿ ಮತ್ತೆ ಸುರಿದುಕೊಟ್ಟರು. ಯಾರೂ ಮುಟ್ಟದ ಗ್ಲಾಸು. ಈ ಸಲ ತುಟಿ ಹಚ್ಚಿಯೇ ರುಚಿ ನೋಡುವ ಆಸೆ ನನಗೆ. ಆದರೆ ಅಜ್ಜಿ ಕನ್ನಡಕ ಏರಿಸಿಕೊಂಡು ಮೆಚ್ಚುಗೆಯಿಂದ ನನ್ನನ್ನೇ ನೋಡುತ್ತಿದ್ದರು.

ಎತ್ತಿದೆ. ಮತ್ತೆ ಅಂಗಿಗೇ!

ಮರಳುವಾಗ ಆಟೋದಲ್ಲಿ ಸುಮಿತ್ರಾ ಹಾಯಾಗಿ ಒರಗಿ ಕೂತಳು. "ಮೊದಲ ಸ್ವಲ್ಪ ಒಗರು, ಆಮ್ಯಾಲ ಒಣ ಜರ್ದಾಳು ಹಣ್ಣಿನ ವಾಸನಿ, ಕಡೀಕ ಕಡಕ್ ಚಹಾದಂಗ. ಭಾಳ ಛಲೋ ಇತ್ತು. ನಿಮಗ ಹೆಂಗನಿಸ್ತ್ರಿ?"

ನಾನು ಅಂಗಿಯ ತೋಳು ಮೂಸಿ ನೋಡಿದೆ.

"ಹೌದು," ಎಂದೆ, "ಜರ್ದಾಳು."