ಮಾವನ ಮನೆಯ ಮುಂದಿನ ಹಂಪಿಗೆ

ಕೊಟ್ಟೂರು
ಜೂನ್ ೨೦೦೨

ಮಾನ್ಯರೇ,

ಕೊಟ್ಟೂರಿನಿಂದ ಹಿರೇಹಡಗಲಿ ಕಡೆಗೆ ಹೋಗುವ ರಸ್ತೆಯಲ್ಲಿ, ಹೆಸರು ಬರೆದರೆ ನನ್ನ ಮಾವನವರ ಮರ್ಯಾದೆಗೆ ಕುಂದು ಬರಬಹುದಾದ ಒಂದು ಊರಿನ ನಡುಮಧ್ಯೆ, ಅದೇ ಮಾವನವರ ಮನೆಯ ಕಟ್ಟೆಯ ಎದುರಿಗೆ, ಬಿಸಿಲು ಮಳೆ ಎನ್ನದೆ ರಸ್ತೆಗೆ ಅಡ್ಡಡ್ಡ ಮಲಗಿಕೊಂಡೇ ಗಾಡಿಗಳ ವೇಗ ತಗ್ಗಿಸುವ ಸಮಾಜಸೇವೆ ಮಾಡುತ್ತಿರುವ ಹಂಪು ಮಹಾಶಯರಾದ ತಮ್ಮ ಬೆನ್ನಿಗೆ ನನ್ನ ಅನಂತ ನಮಸ್ಕಾರಗಳು. ಹಿರಿಯರ ಪಾದಕ್ಕೆ ನಮಸ್ಕರಿಸುವುದು ಪದ್ಧತಿ ಎಂಬುದನ್ನು ನಾನು ಬಲ್ಲೆ. ಆದರೆ ತಮಗೆ ಪಾದಗಳಿಲ್ಲದಿರುವುದರಿಂದಲೂ, ನನಗೆ ತಮ್ಮ ಬೆನ್ನಿನ ಪರಿಚಯವೇ ಹೆಚ್ಚಾಗಿ ಆಗಿರುವುದರಿಂದಲೂ, ಈ ಸಲ ಬೆನ್ನಿಗೇ ಒಪ್ಪಿಸಿಕೊಳ್ಳಬೇಕೆಂದು ಕೋರುತ್ತೇನೆ.

ನ್ಯಾಯವಾಗಿ ಈ ದೂರು ಹೋಗಬೇಕಾದದ್ದು ತಮ್ಮನ್ನು ಹಾಕಿಸಿದವರಿಗೆ. ತಮ್ಮನ್ನು ಹಾಕಿಸಿದವರು ನನ್ನ ಮಾವ ಜಂಬಣ್ಣನವರು. ನಮ್ಮ ಸೀಮೆಯಲ್ಲಿ ಅಳಿಯನಾದವನು ಮಾವನ ಮನೆಯಲ್ಲಿ ಸಾರಿಗೆ ಉಪ್ಪಿಲ್ಲ ಎಂದು ಸಹ ಹೇಳುವುದಿಲ್ಲ. ಬಡಿಸಿದ್ದನ್ನು ಉಂಡು ‘ಸಾಕ್ರಿ, ಸಾಕ್ರಿ’ ಎನ್ನುವುದಷ್ಟೇ ಅವನಿಗಿರುವ ವಾಕ್ ಸ್ವಾತಂತ್ರ್ಯ. ಅಂಥವನು ‘ನೀವು ಹಾಕಿಸಿದ್ದಕ್ಕೆ ಎಡವಿ ಹೆಂಡತಿ ಮಕ್ಕಳ ಸಮೇತ ಬಿದ್ದೆ’ ಎಂದು ಯಾವ ಬಾಯಿಂದ ಹೇಳಿಯಾನು? ಇನ್ನು ರಸ್ತೆಯ ಕಚೇರಿಯವರನ್ನು ಕೇಳಿದರೆ, ತಾವು ಅವರ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲವೆಂದೂ, ಹುಟ್ಟದವರನ್ನು ಕೀಳಲು ಬರುವುದಿಲ್ಲವೆಂದೂ ಬಹಳ ಸಮಾಧಾನದಿಂದ ತಿಳಿಸಿದರು. ಹಾಗಾಗಿ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ತಾವಾದರೂ ಎಲ್ಲಿಗೂ ಎದ್ದು ಹೋಗುವವರಲ್ಲ ಎಂಬ ಧೈರ್ಯ ನನಗಿದೆ.

ನನ್ನ ಪರಿಚಯ ಹೇಳುವುದಾದರೆ, ಹೆಸರು ಗುರುಬಸವರಾಜ. ಕೊಟ್ಟೂರಿನಲ್ಲಿ ನೋಟ್‌ಬುಕ್ಕು, ಪೆನ್ನು, ಕಂಪಾಸ್ ಪೆಟ್ಟಿಗೆಗಳ ಚಿಕ್ಕ ಅಂಗಡಿ ಇಟ್ಟುಕೊಂಡಿದ್ದೇನೆ. ಮೇ ತಿಂಗಳಲ್ಲಿ ಓದುವ ದುರ್ಬುದ್ಧಿ ಯಾರಿಗೂ ಬರುವುದಿಲ್ಲವಾದ್ದರಿಂದ, ಪ್ರತಿ ವರ್ಷ ಆ ತಿಂಗಳು ಅಂಗಡಿಗೆ ಬೀಗ ಹಾಕಿ, ಹೆಂಡತಿ ಗೀತಾಂಜಲಿ, ಎರಡನೇ ಕ್ಲಾಸು ಮುಗಿಸಿದ ಮಗ ಪ್ರವೀಣಕುಮಾರ್, ಇನ್ನೂ ಶಾಲೆಯ ಮುಖ ನೋಡದ ಮಗಳು ಅರ್ಚನಾ, ಇಷ್ಟು ಜನರನ್ನು ಒಂದೇ ಗಾಡಿಯ ಮೇಲೆ ಏರಿಸಿಕೊಂಡು ಮಾವನ ಮನೆಗೆ ಬಂದುಬಿಡುತ್ತೇನೆ. ಮಗಳು ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ, ಮಗ ನಮ್ಮಿಬ್ಬರ ನಡುವೆ, ಹೆಂಡತಿ ಹಿಂದೆ ಒಂದು ಕಡೆಗೆ ಕಾಲು ಬಿಟ್ಟುಕೊಂಡು. ಅಲ್ಲಿಗೆ ಬಂದ ಮೇಲೂ ಸಂಜೆಯಾದರೆ ಗಾಡಿ ಹೊರಡಲೇಬೇಕು. ಕೆರೆ ಏರಿಯ ಮೇಲೆ ಒಂದು ಸುತ್ತು, ಮಲ್ಲಿಗೆ ತೋಟಗಳ ಪಕ್ಕದಲ್ಲಿ ಒಂದು ಸುತ್ತು, ಮನಸ್ಸು ಬಂದರೆ ಹಡಗಲಿಯವರೆಗೆ ಹೋಗಿ ಕಬ್ಬಿನ ಹಾಲು. ಮಗಳ ತಲೆ ಸರಿಯಾಗಿ ನನ್ನ ಗದ್ದದ ಕೆಳಗೆ ಬರುತ್ತದೆ. ಅವಳ ಕೂದಲಿನ ಕೊಬ್ಬರಿ ಎಣ್ಣೆ ಅಂಗಿಗೆ ಹತ್ತುತ್ತದೆಂದು ಹೆಂಡತಿ ಬೈಯುತ್ತಾಳೆ. ವರ್ಷದ ಉಳಿದ ತಿಂಗಳುಗಳನ್ನು ನಾನು ಕಳೆಯುವುದೇ ಆ ಎಣ್ಣೆಯ ಕಲೆಗಾಗಿ ಎಂದರೆ ತಾವು ನಗುವುದಿಲ್ಲವೆಂದು ನಂಬಿದ್ದೇನೆ.

ಹೀಗಿರುವಾಗ, ಈ ವರ್ಷ ನಾವು ಬಂದ ದಿನ ಮಬ್ಬುಗತ್ತಲಿನಲ್ಲಿ, ಹ್ಯಾಂಡಲ್ಲಿಗೆ ಮಾವಿನಹಣ್ಣಿನ ಚೀಲ ತೂಗುಹಾಕಿಕೊಂಡು, ‘ಬಂತು ನೋಡ್ರಿ ಅಜ್ಜನ ಮನಿ’ ಎಂದು ನಾನು ಗಾಡಿಯ ಕಿವಿ ಹಿಂಡಿದ ಗಳಿಗೆಯಲ್ಲೇ ತಮ್ಮ ದರ್ಶನವಾಯಿತು. ಹೋದ ವರ್ಷ ತಾವು ಅಲ್ಲಿರಲಿಲ್ಲ. ಈ ವರ್ಷ ಇದ್ದಿರಿ, ಆದರೆ ಬಿಳಿ ಪಟ್ಟೆಯಿಲ್ಲ, ಬೋರ್ಡಿಲ್ಲ. ಬರುವವರ ಮುಂದೆ ತಮ್ಮನ್ನು ತಾವು ಹೇಳಿಕೊಳ್ಳುವ ಚಪಲ ತಮಗೆ ಇಲ್ಲವೆಂದು ಕಾಣುತ್ತದೆ. ನಾವು ಹಾರಿದೆವು. ಯಾರ ಕೈಕಾಲೂ ಮುರಿಯದಂತೆ ನಮ್ಮೆಲ್ಲರನ್ನೂ ನನ್ನ ಅತ್ತೆಯವರು ಕಾಳು ಹರವಿದ್ದ ಚಾಪೆಯ ಮೇಲೆಯೇ ಇಳಿಸಿದ ತಮ್ಮ ಅಂದಾಜನ್ನು ಎಷ್ಟು ಹೊಗಳಿದರೂ ಕಡಿಮೆ. ಮಾವಿನಹಣ್ಣು ಮಾತ್ರ ಊರ ಹಂದಿಗಳಿಗೆ ಸಂದವು. ಮಗಳ ತುಟಿ ಟ್ಯಾಂಕಿಗೆ ಬಡಿದು ಊದಿಕೊಂಡಿತು. ಅವಳು ಅಳಲಿಲ್ಲ. ತಮ್ಮ ಕಡೆ ಬೆರಳು ತೋರಿಸಿ, ‘ಏನದು ಅಪ್ಪಾಜಿ?’ ಎಂದು ಕೇಳಿದಳು. ‘ಹಂಪ್ ಐತವ್ವ’ ಎಂದೆ.

ನನ್ನ ಮುಖ್ಯ ಆಕ್ಷೇಪಣೆ ಇಲ್ಲಿಂದ ಶುರುವಾಗುತ್ತದೆ. ನಮ್ಮನ್ನು ಬೀಳಿಸಿದ್ದಕ್ಕೆ ನನ್ನ ತಕರಾರಿಲ್ಲ, ಬೀಳಿಸುವುದು ತಮ್ಮ ಕಸುಬು. ಆದರೆ ಇಷ್ಟು ಹೆಸರುಗಳಿರುವ ಲೋಕದಲ್ಲಿ ತಾವು ಈ ಹೆಸರನ್ನೇ ಯಾಕೆ ಇಟ್ಟುಕೊಂಡಿರಿ? ನಮ್ಮ ಜಿಲ್ಲೆಯಲ್ಲಿ ಹಂಪಿ ಎಂಬ ಇನ್ನೊಂದು ಊರಿದೆ. ತಮ್ಮಷ್ಟು ಹೊಸದಲ್ಲದಿದ್ದರೂ ಅದಕ್ಕೂ ಸ್ವಲ್ಪ ಹೆಸರಿದೆ. ತಾವು ಹಂಪು, ಅದು ಹಂಪಿ. ಸುಮ್ಮನೆ ನಿಂತಿರುವಷ್ಟು ಹೊತ್ತು ವ್ಯತ್ಯಾಸ ಗೊತ್ತಾಗುತ್ತದೆ. ಹಿಂದೆ ಒಂದು ‘ಗೆ’ ಹಚ್ಚಿದ ಕೂಡಲೇ ಇಬ್ಬರೂ ‘ಹಂಪಿಗೆ’ ಆಗಿಬಿಡುತ್ತೀರಿ. ಆ ರಾತ್ರಿ ಊರಿನವರೆಲ್ಲ ಬಂದು ‘ಅಳಿಯಾರು ಹಂಪಿಗೆ ಬಿದ್ರಂತ’, ‘ಕೂಸಿನ ತುಟಿ ಹಂಪಿಗೆ ಹೋತಂತ’ ಎಂದು ಮಾತಾಡಿಕೊಂಡಿದ್ದನ್ನು ನನ್ನ ಮಗಳು ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿಸಿಕೊಂಡಳು. ಕೂಸಿಗೆ ವ್ಯಾಕರಣ ಕಲಿಸಿದವರು ನಾವೇ ಅಲ್ಲವೇ.

ಮಾರನೆಯ ದಿನದಿಂದ ಅರ್ಚನಾ ಗಾಡಿ ಹತ್ತಲಿಲ್ಲ. ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದರೆ ಹತ್ತಿ ಕೂತು ಹಾರ್ನ್ ಒತ್ತುತ್ತಾಳೆ. ಕಿಕ್ ಹೊಡೆದರೆ ಸಾಕು, ಜಾರಿ ಇಳಿದು ಅಜ್ಜಿಯ ಸೆರಗು ಹಿಡಿಯುತ್ತಾಳೆ. ಟ್ಯಾಂಕಿನ ಮೇಲೆ ಪ್ರವೀಣ ಬಂದು ಕೂತ, ರಾಜ್ಯ ಸಿಕ್ಕಿದವನ ಹಾಗೆ. ಅವನ ತಲೆ ನನ್ನ ಕಣ್ಣಿಗೆ ಅಡ್ಡ ಬರುತ್ತದೆ. ನನಗೆ ಮಗನ ಮೇಲೆ ಪ್ರೀತಿ ಕಡಿಮೆಯೇನಿಲ್ಲ, ಆದರೂ ಕೆರೆ ಏರಿಯ ಮೇಲೆ ಹೋಗುತ್ತಿದ್ದಾಗ ನನಗೆ ಅಳು ಬರುವಂತಾಗುತ್ತಿತ್ತು. ಜೂನ್ ಬಂದರೆ ಮಗಳು ಶಾಲೆಗೆ ಸೇರುತ್ತಾಳೆ, ಮುಂದಿನ ಬೇಸಿಗೆಗೆ ಅವಳ ತಲೆಯೂ ಗದ್ದ ದಾಟುತ್ತದೆ, ಆಮೇಲೆ ಟ್ಯಾಂಕಿನ ಮೇಲೆ ಕೂಡು ಎಂದರೂ ಕೂಡಲು ಬರುವುದಿಲ್ಲ. ಇದ್ದದ್ದು ಈ ಒಂದು ತಿಂಗಳು. ಅದನ್ನು ತಾವು ನುಂಗುತ್ತಿದ್ದಿರಿ.

ಆಗ ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ. ಪಕ್ಕದ ಮನೆಯ ಹುಡುಗಿ ಹಂಪಿಯ ಆನೆಗೆ ಬಾಳೆಹಣ್ಣು ತಿನ್ನಿಸಿ ಬಂದ ಲಾಗಾಯ್ತು ನನ್ನ ಮಗಳು ವರ್ಷವಿಡೀ ಹಂಪಿ, ಹಂಪಿ ಎಂದು ಜೀವ ತಿಂದಿದ್ದಳು. ‘ನಡಿಯವ್ವ, ಗಾಡಿ ಮ್ಯಾಲೆ ಹಂಪಿಗೆ ಹೋಗಾಣು’ ಎಂದೆ. ಅವಳು ಕೈಯಲ್ಲಿದ್ದ ಮಂಡಕ್ಕಿ ಕೆಳಗಿಟ್ಟು, ನನ್ನ ಮುಖವನ್ನೇ ನೋಡಿ, ‘ನಾ ಹಂಪಿಗೆ ಬರಂಗಿಲ್ಲ’ ಎಂದಳು. ಆನೆ ಇದೆ ಎಂದರೂ ಬರಂಗಿಲ್ಲ. ಅತ್ತೆ ಗುರುಬಸಮ್ಮನವರು ಕೂಸಿಗೆ ಗಾಳಿ ಸೋಕಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಗೀತಾಂಜಲಿ ಪ್ರವೀಣನನ್ನು ಕರೆದು, ತಂಗಿಗೆ ಏನಾದರೂ ಹೆದರಿಸಿದೆಯಾ ಎಂದು ಒಂದು ಬಿಟ್ಟಳು. ತಮ್ಮ ಹೆಸರು ಯಾರ ತಲೆಗೂ ಹೊಳೆಯಲಿಲ್ಲ. ತಾವು ಹೊರಗೆ ರಸ್ತೆಯಲ್ಲಿ ಏನೂ ಅರಿಯದವರ ಹಾಗೆ ಮಲಗಿದ್ದಿರಿ.

ಹೆದರಿಕೆ ಬಿಡಿಸಲು ನಾನು ದಿನಾ ಹಂಪಿಯನ್ನು ಬಣ್ಣಿಸತೊಡಗಿದೆ. ವ್ಯಾಪಾರಿಯ ಬಾಯಿ, ಕೇಳಬೇಕೆ. ‘ಭಾಳ ದೊಡ್ಡದವ್ವ, ಪೂರಾ ಕಲ್ಲಿಂದು’ ಎಂದೆ. ಅವಳು ಅಜ್ಜಿಯ ಕಡೆ ಸರಿದಳು. ‘ಎತ್ತರ ಎಷ್ಟಂದ್ರ, ಮೋಡಕ್ಕ ಮುಟ್ಟತೈತಿ’ ಎಂದೆ. ಇನ್ನಷ್ಟು ಸರಿದಳು. ‘ರಾಜರು ಕಟ್ಟಿಸಿದ್ದು, ಎಷ್ಟು ವರ್ಷಾತು, ಇನ್ನೂ ಸವೆದಿಲ್ಲ’ ಎಂದಾಗ ಅವಳು ಅಜ್ಜಿಯ ಸೆರಗಿನ ಒಳಗೇ ಹೋಗಿಬಿಟ್ಟಳು. ನಾನು ನನ್ನ ವರ್ಣನೆ ಸಾಲದೆಂದು ತಿಳಿದು, ಮಾರನೆಯ ದಿನ ಗೋಪುರವನ್ನು ಮತ್ತೊಂದಿಷ್ಟು ಎತ್ತರಿಸುತ್ತಿದ್ದೆ.

ಕಡೆಗೆ ಒಂದು ಮಧ್ಯಾಹ್ನ, ಎಲ್ಲರೂ ರೊಟ್ಟಿ ಮುರಿಯುತ್ತ ಕೂತಿದ್ದಾಗ, ಅವಳೇ ಬಾಯಿ ಬಿಟ್ಟಳು: ‘ಅಪ್ಪಾಜಿ, ಅಷ್ಟು ಎತ್ತರದ ಹಂಪಿಗೆ ನಮ್ಮ ಗಾಡಿ ಹ್ಯಾಂಗ ಹತ್ತತೈತಿ? ಹತ್ತಿದ್ರೂ ಆ ಕಡಿ ಬೀಳತೀವಲ್ಲ.’

ಗೀತಾಂಜಲಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು, ಅತ್ತೆ ನಕ್ಕರು, ಯಾಕೆಂದು ತಿಳಿಯದೆ ಪ್ರವೀಣನೂ ನಕ್ಕ. ನನಗೆ ನಗು ಬರಲಿಲ್ಲ. ಆಕಾಶದ ಎತ್ತರಕ್ಕೆ ಕಲ್ಲಿನ ಹಂಪು ಕಟ್ಟಿ ಇಟ್ಟಿದ್ದಾರೆ, ಅಪ್ಪ ತನ್ನನ್ನು ಟ್ಯಾಂಕಿನ ಮೇಲೆ ಕೂಡಿಸಿಕೊಂಡು ಅದನ್ನು ಹಾರಿಸಬೇಕೆಂದು ಹಟ ಹಿಡಿದಿದ್ದಾನೆ ಎಂದು ನಂಬಿಕೊಂಡು ಆ ಕೂಸು ಅಷ್ಟು ದಿನ ನನ್ನ ಪಕ್ಕದಲ್ಲೇ ಉಂಡು, ನನ್ನ ಪಕ್ಕದಲ್ಲೇ ಮಲಗಿತ್ತು. ನಗದ ಇನ್ನೊಬ್ಬರೆಂದರೆ ಮಾವನವರು. ತಾಟು ನೋಡುತ್ತಲೇ, ‘ಹುಡುಗ್ರು ಬರ್ತಾವಂತ ಹಾಕ್ಸೀನ್ರಿ ಅಳಿಯಾರ’ ಎಂದರು. ‘ಮರಳಿನ ಲಾರಿಯಾರು ಕಣ್ಣು ಮುಚ್ಕೊಂಡು ಹೊಡಿತಾರ. ಕಚೇರಿಗೆ ತಿರುಗಿ ಸಾಕಾತು. ನಾನ ಗರಸು ಮಣ್ಣು ಹೊಡಿಸಿ ಹಾಕ್ಸೀನಿ. ಮೊದಲು ನೀವ ಬೀಳ್ತೀರಂತ ನನಗೇನು ಗೊತ್ತು.’ ನಾನು ರೂಢಿಯಂತೆ ‘ಇರಲಿ ಬಿಡ್ರಿ’ ಎಂದೆ. ಆ ಸಲ ಅದು ಬರೀ ರೂಢಿಯ ಮಾತಾಗಿರಲಿಲ್ಲ.

ಅಂದು ಸಂಜೆ ಜಂಬಣ್ಣನವರು ಮೊಮ್ಮಗಳನ್ನು ಕರೆತಂದು ತಮ್ಮ ಮೇಲೆ ಕೂಡಿಸಿದ್ದು ತಮಗೆ ನೆನಪಿರಬಹುದು. ಅವಳು ಮೊದಲು ಕೂತಳು, ಆಮೇಲೆ ನಿಂತಳು, ಆಮೇಲೆ ಚಪ್ಪಲಿ ಬಿಟ್ಟು ಕುಣಿದಳು. ನಾನು ಇಂಜಿನ್ ಆರಿಸಿ, ಅವಳನ್ನು ಟ್ಯಾಂಕಿನ ಮೇಲೆ ಕೂಡಿಸಿ, ಗಾಡಿಯನ್ನು ಕೈಯಿಂದ ತಳ್ಳಿಕೊಂಡು ತಮ್ಮ ಬೆನ್ನು ಹತ್ತಿಸಿ ಇಳಿಸಿದೆ. ‘ಇಷ್ಟೇ ಏನು?’ ಎಂದಳು. ರಜೆಯ ಕೊನೆಯ ವಾರ ಹಗರಿಬೊಮ್ಮನಹಳ್ಳಿ, ಹೊಸಪೇಟೆಗಳನ್ನು ದಾಟಿ ಹಂಪಿಗೂ ಹೋದೆವು. ಗೋಪುರದ ಕೆಳಗೆ ತಲೆ ಎತ್ತಿ ಬಹಳ ಹೊತ್ತು ನಿಂತ ಮಗಳು, ‘ಇದಕ್ಕ ಪಕ್ಕದಾಗ ದಾರಿ ಬಿಟ್ಟಾರ ಬಿಡು’ ಎಂದು ಸಮಾಧಾನದ ಉಸಿರು ಬಿಟ್ಟಳು. ಬರುವಾಗ ಟ್ಯಾಂಕಿನ ಮೇಲೆಯೇ ನಿದ್ದೆ ಹೋದಳು. ಒಂದು ಕೈಯಲ್ಲಿ ಅವಳನ್ನು ಒತ್ತಿಹಿಡಿದು ನಾನು ಅಷ್ಟು ದೂರವೂ ಎತ್ತಿನಗಾಡಿಯ ವೇಗದಲ್ಲಿ ಬಂದೆ. ನನ್ನ ಅಂಗಿ ಎಣ್ಣೆಯಾಗಿತ್ತು, ನನಗೆ ಬೇರೆ ಏನೂ ಬೇಕಾಗಿರಲಿಲ್ಲ.

ಆದರೂ ದೂರು ದೂರೇ. ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ಮಕ್ಕಳನ್ನು ಕೂಡಿಸಿಕೊಂಡ ಗಾಡಿ ಬಂದಾಗ ತಾವು ದಯವಿಟ್ಟು ನೆಲಕ್ಕೆ ಚಪ್ಪಟೆಯಾಗಿ, ಮರಳಿನ ಲಾರಿ ಬಂದಾಗ ಮೊಣಕಾಲೆತ್ತರ ಎದ್ದು ನಿಲ್ಲಬೇಕು. ಅಳಿಯಂದಿರನ್ನು ದೂರದಿಂದಲೇ ಗುರುತಿಸಿ ಒಮ್ಮೆ ಕೆಮ್ಮಬೇಕು. ಹಾಗೂ ಯಾರಾದರೂ ‘ಗೆ’ ಹಚ್ಚಲು ಬಂದರೆ ಒಪ್ಪಬಾರದು. ಇವು ತಮ್ಮ ಯೋಗ್ಯತೆಗೆ ಮೀರಿದ ಕೆಲಸಗಳೆಂದು ನನಗೆ ಅನ್ನಿಸುವುದಿಲ್ಲ. ಹುಟ್ಟದೆಯೇ ರಸ್ತೆಯಲ್ಲಿ ಮಲಗಿರುವವರಿಗೆ ಯಾವುದು ಅಸಾಧ್ಯ?

ತಮ್ಮ ಬೆನ್ನೇರಿ ಬಿದ್ದು, ಎದ್ದು, ಪುನಃ ಏರಿದ ತಮ್ಮ ವಿಶ್ವಾಸಿ,
ಗುರುಬಸವರಾಜ

ತಾ.ಕ.: ಹಂಪಿಯಲ್ಲಿ ಜನ ಕಂಡಕಂಡ ಕಲ್ಲಿಗೆಲ್ಲ ಕೈಮುಗಿಯುವುದನ್ನು ನೋಡಿ ಬಂದ ನನ್ನ ಮಗಳು, ನಾವು ಕೊಟ್ಟೂರಿಗೆ ಹೊರಡುವ ದಿನ ಅಜ್ಜಿಯ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ತಮ್ಮ ಬೆನ್ನಿಗೆ ಮೂರು ಬೆರಳಿನಿಂದ ಬಳಿದು ಬಂದಿದ್ದಳು. ಈಗ ಅಲ್ಲಿ ಯಾರೋ ದಿನಾ ಮಲ್ಲಿಗೆ ಇಡುತ್ತಾರೆಂದೂ, ಸೋಮವಾರ ಕಾಯಿ ಒಡೆಯುತ್ತಾರೆಂದೂ, ಮರಳಿನ ಲಾರಿಗಳು ಉಸಿರು ಬಿಗಿಹಿಡಿದು ತೆವಳುತ್ತ ದಾಟುತ್ತವೆಂದೂ, ಡ್ರೈವರುಗಳು ಸ್ಟಿಯರಿಂಗ್ ಬಿಟ್ಟು ಎದೆ ಮುಟ್ಟಿಕೊಳ್ಳುತ್ತಾರೆಂದೂ ಮಾವನವರು ಫೋನಿನಲ್ಲಿ ತಿಳಿಸಿದರು. ತಮಗೆ ಅಭಿನಂದನೆಗಳು. ಒಂದೇ ಒಂದು ಮಾತು ಕೇಳಬೇಕಿತ್ತು: ಅದೇ ಗಟ್ಟಿಯ ವಿಭೂತಿ ಆ ತಿಂಗಳೆಲ್ಲ ನನ್ನ ಇಬ್ಬರೂ ಮಕ್ಕಳ ಹಣೆಯ ಮೇಲಿತ್ತು, ಅವರು ರಸ್ತೆ ದಾಟುವಾಗ ಅದನ್ನು ಕಂಡು ಒಂದು ಲಾರಿಯೂ ಯಾಕೆ ನಿಧಾನಿಸಲಿಲ್ಲ?